ಫ್ರಾಂಕ್ಲಿನ್ನರು ಅರಸಿದ ಮನೆತನದ ಮೂಲ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ ಹಿರಿಯರಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ನರನ್ನು ಮುತ್ಸದ್ದಿಯೆಂದೂ ಮಿಂಚಿನ ಮರ್ಮವನ್ನರಿತ ವಿಜ್ಞಾನಿಯೆಂದೂ ನಾವು ಬಲ್ಲೆವು. ಮನೆತನದ ಮೂಲವನ್ನು ಅರಸುತ್ತ ಅವರು ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ಹೋದ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

1758ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಮಗ ವಿಲಿಯಮ್‌ನೊಡನೆ ಅವರು ನಾರ್ಥಾಂಪ್ಟನ್‌ಷೈರಿನ ಎಕ್ಟನ್ ಗ್ರಾಮಕ್ಕೆ ಬಂದರು. ಅಲ್ಲಿನ ಚರ್ಚಿನ ದಫ್ತರದಲ್ಲಿ 1555ರಿಂದೀಚೆಗಿನ ಜನನ, ವಿವಾಹ, ಮರಣಗಳ ದಾಖಲೆಯಿತ್ತು. ಸುಮಾರು 30 ಎಕರೆ ಜಮೀನು, ಜೊತೆಗೆ ಕಮ್ಮಾರಿಕೆ. ಹಿರಿಯ ಮಗನು ಕುಲುಮೆ ಹಿಡಿಯುವುದು ಆ ಮನೆಯ ಪದ್ಧತಿ. ದಾಖಲೆಯನ್ನು ತಿರುವಿದಾಗ, ಐದು ತಲೆಮಾರುಗಳಿಂದಲೂ ತಾವು ಕಿರಿಯ ಮಗನ ಕಿರಿಯ ಮಗನೆಂಬುದು ಫ್ರಾಂಕ್ಲಿನ್ನರಿಗೆ ಗೊತ್ತಾಯಿತು! ತಂದೆ ಜೊಸಾಯ ಬಟ್ಟೆಗೆ ಬಣ್ಣ ಹಾಕುವ ಕಸುಬಿನವರು. ತಮ್ಮ ಪಂಥದ ಪ್ರಾರ್ಥನಾ ಸಭೆಗಳ ಮೇಲಿದ್ದ ನಿರ್ಬಂಧವನ್ನು ಸಹಿಸದೆ 1683ರಲ್ಲಿ ಬಾಸ್ಟನ್ನಿಗೆ ಹೋಗಿ, ಅಲ್ಲಿ ಬತ್ತಿ, ಸಾಬೂನು ತಯಾರಿಸಿ ಸಂಸಾರ ನಡೆಸಿದರು.

ಪಾದ್ರಿಯವರ ಪತ್ನಿ ಅತಿಥಿಗಳನ್ನು ಸಮಾಧಿಗಳ ಬಳಿಗೆ ಕರೆದೊಯ್ದರು. ಕಲ್ಲುಗಳಿಗೆ ಪಾಚಿ ಹಿಡಿದು ಅಕ್ಷರಗಳೇ ಕಾಣುತ್ತಿರಲಿಲ್ಲ. ಬಿರುಸಾದ ಬ್ರಷ್ಷು, ಬೋಗುಣಿಯಲ್ಲಿ ನೀರು ತರಿಸಲಾಯಿತು. ಪೀಟರ್ ಎಂಬಾತ ತಿಕ್ಕಿ ತೊಳೆದ, ವಿಲಿಯಮ್ ಬರೆದುಕೊಂಡ. ಈ ಪೀಟರ್ ಫ್ರಾಂಕ್ಲಿನ್ನರು ಅಮೆರಿಕದಿಂದ ಜೊತೆಗೆ ತಂದಿದ್ದ ಗುಲಾಮ. ಒಡೆಯನ ಹಿರಿಯರ ಹೆಸರನ್ನು ಬೆಳಕಿಗೆ ತಂದ ಆ ಕೈಗಳ ವಂಶವನ್ನು ಯಾವ ದಫ್ತರದಲ್ಲಿ ಹುಡುಕಬೇಕು? ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ.

ದೊಡ್ಡಪ್ಪ ಥಾಮಸ್ ಹಳೆಯ ಪಂಚಾಂಗದಂತೆ 1702ರ ಜನವರಿ 6ರಂದು ತೀರಿಕೊಂಡಿದ್ದರು. ಫ್ರಾಂಕ್ಲಿನ್ನರು ಹುಟ್ಟಿದ್ದು ಸರಿಯಾಗಿ ನಾಲ್ಕು ವರ್ಷಗಳ ತರುವಾಯ, ಅದೇ ದಿನ. ಇಬ್ಬರ ಗುಣಸ್ವಭಾವಗಳ ಹೋಲಿಕೆಯನ್ನು ಕೇಳಿದ ವಿಲಿಯಮ್, ಇವರು ಹುಟ್ಟಿದ ದಿನವೇ ಅವರು ತೀರಿಕೊಂಡಿದ್ದರೆ ಪುನರ್ಜನ್ಮವೆಂದೇ ಭಾವಿಸಬಹುದಿತ್ತು ಎಂದನಂತೆ. ಪುನರ್ಜನ್ಮದ ಮಾತು ಇಂಗ್ಲೆಂಡಿನ ಹಳ್ಳಿಯಲ್ಲಿಯೂ ಹೊರಟಿತೆಂಬುದು ಸೋಜಿಗವೇ ಸರಿ.

1771ರಲ್ಲಿ ಆತ್ಮಕಥೆಯನ್ನು ಬರೆಯತೊಡಗಿದಾಗ ಫ್ರಾಂಕ್ಲಿನ್ನರು ಅದನ್ನು ಆ ಮಗನಿಗೆ ಬರೆದ ಪತ್ರದ ರೂಪದಲ್ಲಿಯೇ ಆರಂಭಿಸಿ, ಈ ಪೂರ್ವಜರ ವೃತ್ತಾಂತವನ್ನೆಲ್ಲ ಹೇಳಿದರು. ಆದರೆ ವಿವಾಹಬಾಹಿರವಾಗಿ ಜನಿಸಿದ ವಿಲಿಯಮ್‌ನ ತಾಯಿ ಯಾರೆಂಬುದನ್ನು ಅಲ್ಲಿ ಹೇಳಲಿಲ್ಲ. ಮುಂದೆ ನ್ಯೂಜೆರ್ಸಿಯ ಗವರ್ನರನಾಗಿದ್ದ ಮಗನು ದೊರೆಯ ಪಕ್ಷವನ್ನು ಬಿಡಲಿಲ್ಲ, 1776ರಲ್ಲಿ ಬಂಧಿತನಾದ. ಯುದ್ಧ ಮುಗಿದ ಬಳಿಕ, 1784ರಲ್ಲಿ, ರಾಜಿಯನ್ನು ಬಯಸಿ ತಂದೆಗೆ ಕಾಗದ ಬರೆದ. ಹಳೆಯ ಸಲಿಗೆ ಮರಳಲಿಲ್ಲ. 1788ರ ಉಯಿಲಿನಲ್ಲಿ ವಿಲಿಯಮ್‌ನ ಪಾಲಿಗೆ ಬಂದುದು ನೋವಾ ಸ್ಕಾಟಿಯದ ಜಮೀನಿನ ಹಕ್ಕು, ಮತ್ತು ಅದಾಗಲೇ ಅವನ ಬಳಿಯಿದ್ದ ಪುಸ್ತಕಗಳು, ಕಾಗದಪತ್ರಗಳು.