ಒಂದು ಜೊತೆ ಸಾಕೇ? ಕೆಂಡೊ ಕೈಗವಸಿನ ಲೆಕ್ಕಾಚಾರ

ಕ್ರಿಕೆಟ್ ಪಂದ್ಯದಲ್ಲಿ ಬ್ಯಾಟ್ಸ್‌ಮನ್‌ನ ಕೈಗವಸು ಬೆವರಿನಿಂದ ತೊಯ್ದರೆ ಆತ ಪೆವಿಲಿಯನ್ ಕಡೆ ಸನ್ನೆ ಮಾಡುತ್ತಾನೆ. ಹನ್ನೆರಡನೆಯ ಆಟಗಾರ ಒಣಗಿದ ಇನ್ನೊಂದು ಜೊತೆ ಹಿಡಿದು ಓಡಿ ಬರುತ್ತಾನೆ. ಜಪಾನಿನ ಕತ್ತಿವರಸೆಯಾದ ಕೆಂಡೊದಲ್ಲಿ ಹೀಗೆ ಓಡಿ ಬರುವವರಿಲ್ಲ. ತಲೆಗೆ ಕವಚ ಬಿಗಿದು, ಕೈಗೆ ಗವಸು ತೊಟ್ಟು ಅಂಕಣಕ್ಕೆ ಇಳಿದರೆ ಅಂದಿನ ಅಭ್ಯಾಸ ಮುಗಿಯುವವರೆಗೂ ಅದೇ ಜೊತೆ. ಮರುದಿನ ಬೆಳಿಗ್ಗೆ ಅಭ್ಯಾಸವಿದ್ದರೆ, ಹಿಂದಿನ ದಿನದ ಬೆವರು ಇನ್ನೂ ಆರದ ಅದೇ ಗವಸಿನೊಳಗೆ ಮತ್ತೆ ಕೈ ತೂರಿಸಬೇಕು.

ಆದ್ದರಿಂದಲೇ ಕೆಂಡೊ ಕಲಿಯುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಹೆಚ್ಚುವರಿಯಾಗಿ ಇನ್ನೊಂದು ಜೊತೆ ಕೈಗವಸು ಕೊಳ್ಳಬೇಕೇ, ಬೇಡವೇ? ಮೇಲ್ನೋಟಕ್ಕೆ ಇದು ಕೇವಲ ಹಣದ ಪ್ರಶ್ನೆ. ಆದರೆ ಇದರ ಹಿಂದೆ ಜಿಂಕೆಯ ಚರ್ಮ, ನೀಲಿ ಬಣ್ಣ, ಮಣಿಕಟ್ಟಿನ ಸುರಕ್ಷತೆ ಹಾಗೂ ಮುನ್ನೂರು ವರ್ಷಗಳ ಒಂದು ಕಸುಬಿನ ಕತೆಯಿದೆ.

ಮಣಿಕಟ್ಟೇ ಗುರಿ

ಕೆಂಡೊ ಎಂದರೆ 'ಕತ್ತಿಯ ಮಾರ್ಗ'. ಆಡುವವರ ಕೈಯಲ್ಲಿರುವುದು ಉಕ್ಕಿನ ಕತ್ತಿಯಲ್ಲ, ನಾಲ್ಕು ಬಿದಿರಿನ ಸೀಳುಗಳನ್ನು ಕೂಡಿಸಿ ಕಟ್ಟಿದ 'ಶಿನಾಯ್'. ವಯಸ್ಕ ಪುರುಷರ ಪಂದ್ಯಗಳಲ್ಲಿ ಬಳಸುವ ಶಿನಾಯ್ 120 ಸೆಂಟಿಮೀಟರ್ ಉದ್ದವನ್ನು ಮೀರುವಂತಿಲ್ಲ, 510 ಗ್ರಾಂಗಿಂತ ಹಗುರವಾಗಿರುವಂತೆಯೂ ಇಲ್ಲ. ರಕ್ಷಣೆಗೆ ನಾಲ್ಕು ತೊಡುಗೆಗಳಿವೆ. ತಲೆ ಮತ್ತು ಮುಖಕ್ಕೆ 'ಮೆನ್', ಎದೆ-ಹೊಟ್ಟೆಗೆ 'ದೋ', ಸೊಂಟಕ್ಕೆ 'ತಾರೆ', ಕೈಗಳಿಗೆ 'ಕೋತೆ'.

ಹೊಡೆತಕ್ಕೆ ಅಂಕ ಸಿಗುವುದೂ ನಿಗದಿತ ಜಾಗಗಳಲ್ಲಿ ಮಾತ್ರ: ತಲೆ, ಪಕ್ಕೆ, ಕೊರಳು ಹಾಗೂ ಮಣಿಕಟ್ಟು. ಎರಡೂ ಕೈಯಿಂದ ಕತ್ತಿ ಹಿಡಿದು ಮುಂದಕ್ಕೆ ಚಾಚಿದಾಗ ಎದುರಾಳಿಗೆ ಅತಿ ಹತ್ತಿರದಲ್ಲಿ ಸಿಗುವುದು ಬಲಗೈಯ ಮಣಿಕಟ್ಟು. ನಿಜವಾದ ಕತ್ತಿಯ ಕಾಲದಲ್ಲಿ ಅಲ್ಲಿ ಪೆಟ್ಟು ಬಿದ್ದರೆ ಕಾಳಗ ಅಲ್ಲಿಗೇ ಮುಗಿದಂತೆ. ಹೀಗಾಗಿ ಸಾಮಾನ್ಯ ನಿಲುವಿನಲ್ಲಿ ಬಲ ಮಣಿಕಟ್ಟೇ ಗುರಿ. ಕತ್ತಿಯನ್ನು ತಲೆಯ ಮೇಲೆತ್ತಿ ಹಿಡಿಯುವಂಥ ನಿಲುವುಗಳಲ್ಲಿ ಮಾತ್ರ ಎಡ ಮಣಿಕಟ್ಟಿಗೂ ಅಂಕವುಂಟು.

ಎಂದರೆ ಕೋತೆ ಎಂಬುದು ಚಳಿಗೆ ತೊಡುವ ಗವಸಿನಂಥದ್ದಲ್ಲ. ಒಂದು ಅಭ್ಯಾಸದಲ್ಲೇ ಹತ್ತಾರು ಬಾರಿ ಪೆಟ್ಟು ತಿನ್ನುವ ಗುರಾಣಿ ಅದು. ಜೊತೆಗೆ ಕತ್ತಿ ಹಿಡಿಯುವ ಕೈಯ ಚರ್ಮವೂ ಅದೇ. ಪೆಟ್ಟು ತಡೆಯಲು ದಪ್ಪವಿರಬೇಕು, ಹಿಡಿತಕ್ಕೆ ತೆಳುವಿರಬೇಕು. ಈ ಎರಡು ಬೇಡಿಕೆಗಳ ನಡುವಿನ ಜಗಳವೇ ಕೋತೆಯ ಆಯಸ್ಸನ್ನು ನಿರ್ಧರಿಸುತ್ತದೆ.

ಮರದ ಕತ್ತಿಯಿಂದ ಬಿದಿರಿಗೆ

ಹಿಂದಿನ ಜಪಾನಿನಲ್ಲಿ ಕತ್ತಿವರಸೆಯ ಅಭ್ಯಾಸ ನಡೆಯುತ್ತಿದ್ದುದು ಹೆಚ್ಚಾಗಿ ಗಟ್ಟಿ ಮರದ ಕತ್ತಿಗಳಿಂದ. ಮರದ ಕತ್ತಿಯ ಪೆಟ್ಟು ಸಣ್ಣದಲ್ಲ. 1612ರಲ್ಲಿ ಮಿಯಾಮೊತೊ ಮುಸಾಶಿ ಎಂಬ ಪ್ರಖ್ಯಾತ ಖಡ್ಗವೀರ ದೋಣಿಯ ಹುಟ್ಟಿನಿಂದ ಕೆತ್ತಿದ ಮರದ ಕತ್ತಿಯಿಂದಲೇ ಎದುರಾಳಿಯನ್ನು ಕೊಂದನೆಂಬ ಐತಿಹ್ಯವಿದೆ. ಪೂರ್ಣ ಬಲದಿಂದ ಹೊಡೆದರೆ ಜೊತೆಗಾರನ ಮೂಳೆ ಮುರಿಯುತ್ತದೆ. ಹೊಡೆಯದಿದ್ದರೆ ವಿದ್ಯೆ ಕೈಗೆ ಹತ್ತುವುದಿಲ್ಲ. ಆದಕಾರಣ ಮೊದಲೇ ಗೊತ್ತುಮಾಡಿಕೊಂಡ ಪಟ್ಟುಗಳನ್ನು ಮಾಡಿ ತೋರುವುದೇ ಅಭ್ಯಾಸದ ಮುಖ್ಯ ಭಾಗವಾಗಿತ್ತು.

ಈ ಇಕ್ಕಟ್ಟಿನಿಂದ ಹೊರಬರಲು ದಾರಿ ತೋರಿದ್ದು ರಕ್ಷಾಕವಚ. 1711ರಿಂದ 1715ರ ಅವಧಿಯಲ್ಲಿ ಜಿಕಿಶಿನ್‌ಕಾಗೆ ಪಂಥದ ನಾಗಾನುಮ ಶಿರೊಝಾಯೆಮೊನ್ ಕುನಿಸಾತೊ ಅಭ್ಯಾಸದ ತೊಡುಗೆಗಳನ್ನು ಸುಧಾರಿಸಿ, ಬಿದಿರ ಕತ್ತಿಯಿಂದ ನಿಜವಾಗಿ ಹೊಡೆಯುವ ಕ್ರಮವನ್ನು ಬೆಳೆಸಿದ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇತ್ತೊ ಪಂಥದ ನಾಕಾನಿಶಿ ಚೂಝೊ ಇದೇ ಹಾದಿಯಲ್ಲಿ ಮುಂದುವರಿದ. ಇಂದಿನ ಕೆಂಡೊದ ಬೇರುಗಳಿರುವುದು ಇಲ್ಲಿ. ಕೈಗೆ ಗವಸು ಬಂದ ಮೇಲೆಯೇ ಸಂಕೋಚವಿಲ್ಲದೆ ಮಣಿಕಟ್ಟಿಗೆ ಹೊಡೆಯುವುದು ಸಾಧ್ಯವಾಯಿತು.

1876ರಲ್ಲಿ ಮೀಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿ ಸೊಂಟದಿಂದ ಇಳಿದರೂ ವರಸೆ ಉಳಿಯಿತು. ಪೊಲೀಸರು ಅದನ್ನು ಕಲಿತರು, ಮುಂದೆ ಶಾಲೆಗಳಿಗೂ ಬಂತು. ಎರಡನೆಯ ಮಹಾಯುದ್ಧದ ನಂತರ ಕೆಲಕಾಲ ನಿರ್ಬಂಧಕ್ಕೆ ಒಳಗಾಗಿದ್ದ ಕೆಂಡೊ, 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಸ್ಥಾಪನೆಯಾದಾಗ ಮತ್ತೆ ತಲೆಯೆತ್ತಿತು. 1970ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2012ರಿಂದ ಜಪಾನಿನ ಕಿರಿಯ ಪ್ರೌಢಶಾಲೆಗಳಲ್ಲಿ ಸಮರಕಲೆಯ ಪಾಠ ಕಡ್ಡಾಯವಾಗಿದ್ದು, ಶಾಲೆಗಳು ಆರಿಸಿಕೊಳ್ಳುವ ಕಲೆಗಳಲ್ಲಿ ಕೆಂಡೊ ಕೂಡ ಒಂದು.

ಗವಸಿನ ಒಳಗೇನಿದೆ?

ಕೋತೆಯ ಅಂಗರಚನೆ ಸ್ವಾರಸ್ಯಕರ. ಬೆರಳುಗಳ ಮೇಲೆ ಕುಳಿತುಕೊಳ್ಳುವ ಮುಷ್ಟಿಯ ಭಾಗಕ್ಕೆ ಸಾಂಪ್ರದಾಯಿಕವಾಗಿ ಜಿಂಕೆಯ ಕೂದಲನ್ನು ತುಂಬುತ್ತಾರೆ. ಮಣಿಕಟ್ಟು ಬಾಗುವಲ್ಲಿ ಮೆತ್ತೆಯ ಉಬ್ಬುಗಳಿವೆ. ಅವಕ್ಕೆ 'ನಮಾಕೊ', ಎಂದರೆ ಸಮುದ್ರಸೌತೆ ಎಂದು ಹೆಸರು. ಕಡಲತಳದ ಆ ಜೀವಿಯಂತೆ ಉಬ್ಬಿಕೊಂಡಿರುವುದೇ ಇದಕ್ಕೆ ಕಾರಣ. ಮುಂಗೈಯನ್ನು ಮುಚ್ಚುವ ಕೊಳವೆ ಪದರ ಪದರವಾಗಿ ಹೊಲಿದ ಹತ್ತಿ ಬಟ್ಟೆಯದು. ಅಂಕ ಸಿಗುವ ಹೊಡೆತ ಬೀಳಬೇಕಾದದ್ದು ಇದರ ಮೇಲೆ. ಈ ಕೊಳವೆ ಮುಂಗೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿರಬೇಕೆಂಬ ನಿಯಮವನ್ನು ಒಕ್ಕೂಟ 2019ರಲ್ಲಿ ಜಾರಿಗೆ ತಂದಿತು. ಹಗುರವಾಗಲೆಂದು ಕೊಳವೆಯನ್ನು ಗಿಡ್ಡ ಮಾಡುವ ಚಾಳಿಗೆ ಇದು ಕಡಿವಾಣ.

ಇನ್ನು ಅಂಗೈ. ಅಲ್ಲಿರುವುದು ಒಂದೇ ಒಂದು ಪದರ ತೆಳು ಚರ್ಮ. ಒಳ್ಳೆಯ ಗವಸುಗಳಲ್ಲಿ ಅದು ಜಿಂಕೆಯ ಚರ್ಮ. ಇದನ್ನು 'ತೆನೊಉಚಿ' ಎನ್ನುತ್ತಾರೆ, ಅಂದರೆ 'ಕೈಯ ಒಳಗು'. ಕತ್ತಿಯನ್ನು ಹಿಡಿಯುವ, ಹೊಡೆತದ ಗಳಿಗೆಯಲ್ಲಿ ಬಿಗಿಮಾಡಿ ಮರುಕ್ಷಣವೇ ಸಡಿಲಿಸುವ ಕೌಶಲಕ್ಕೂ ಇದೇ ಹೆಸರು. ಒದ್ದೆ ಬಟ್ಟೆಯನ್ನು ಹಿಂಡುವಂತೆ ಎರಡೂ ಕೈ ಒಳಮುಖವಾಗಿ ತಿರುಗಬೇಕು ಎಂದು ಗುರುಗಳು ಹೇಳಿಕೊಡುತ್ತಾರೆ. ಚರ್ಮಕ್ಕೂ ವಿದ್ಯೆಗೂ ಒಂದೇ ಪದವಿರುವುದು ಅರ್ಥಪೂರ್ಣ. ಅಂಗೈಯ ಚರ್ಮ ಒರಟಾದರೆ ಬಿದಿರಿನ ಮೇಲಿನ ಸ್ಪರ್ಶಜ್ಞಾನ ಮಂಕಾಗುತ್ತದೆ. ಹಿಡಿತ ಬಿಗಿಯಾಗಿಯೇ ಉಳಿಯುತ್ತದೆ, ಹೊಡೆತ ಪೆಡಸಾಗುತ್ತದೆ. ಅದರ ನೋವು ಎದುರಾಳಿಯ ಮಣಿಕಟ್ಟಿಗೆ.

ಗವಸಿನ ಗಾಢ ನೀಲಿ ಬಣ್ಣಕ್ಕೂ ಒಂದು ಕತೆಯಿದೆ. ಜಪಾನಿನ ನೀಲಿ ಬರುವುದು ನಮ್ಮ ನೀಲಿಗಿಡದಿಂದಲ್ಲ, 'ತಾದೆ-ಆಯ್' ಎಂಬ ಬೇರೆಯೇ ಸಸ್ಯದಿಂದ. ತೊಕುಶಿಮಾ ಪ್ರದೇಶದಲ್ಲಿ ಅದರ ಒಣ ಎಲೆಗಳಿಗೆ ನೀರು ಚಿಮುಕಿಸಿ, ತಿರುವಿ ಹಾಕಿ, ಸುಮಾರು ನೂರು ದಿನ ಹುದುಗಿಸಿ ಬಣ್ಣದ ಮೂಲವಸ್ತುವನ್ನು ತಯಾರಿಸುತ್ತಾರೆ. ಮೀಜಿ ಕಾಲದಲ್ಲಿ ಭಾರತದ ನೀಲಿ ಜಪಾನಿಗೆ ಆಮದಾಗಿ ಈ ಬೆಳೆಗಾರರಿಗೆ ಪೈಪೋಟಿ ಒಡ್ಡಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಇಬ್ಬರಿಗೂ ಪೆಟ್ಟು ಬಿತ್ತು. ಚಂಪಾರಣ್ಯದ ನೀಲಿ ಬೆಳೆಗಾರರ ಬವಣೆಯನ್ನು ಬಲ್ಲ ನಮ್ಮ ಓದುಗರಿಗೆ ಈ ಕತೆಯ ಇನ್ನೊಂದು ತುದಿ ಅಪರಿಚಿತವಲ್ಲ. ಹೊಸ ಕೋತೆ ತೊಟ್ಟವರ ಕೈಗಳಿಗೆ ಕೆಲವು ವಾರ ಈ ನೀಲಿ ಅಂಟುವುದು ಮಾಮೂಲು.

ಶತ್ರು ಕತ್ತಿಯಲ್ಲ, ಬೆವರು

ಗವಸನ್ನು ಹಾಳುಮಾಡುವುದು ಎದುರಾಳಿಯ ಹೊಡೆತಕ್ಕಿಂತ ಹೆಚ್ಚಾಗಿ ತೊಟ್ಟವನದೇ ಬೆವರು. ಅಭ್ಯಾಸ ಮುಗಿಯುವ ವೇಳೆಗೆ ಅಂಗೈಯ ಚರ್ಮ ಪೂರ್ತಿ ನೆನೆದಿರುತ್ತದೆ. ನೀರು ಆರಿದರೂ ಉಪ್ಪು ಚರ್ಮದಲ್ಲೇ ಉಳಿಯುತ್ತದೆ. ಮುದುಡಿದಂತೆಯೇ ಒಣಗಿದ ಚರ್ಮ ಹಲಗೆಯಂತಾಗಿ, ಮುಂದಿನ ಬಾರಿ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ. ಶಿನಾಯ್‌ನ ಹಿಡಿಯ ತುದಿಯನ್ನು ಹಿಡಿದು ಶ್ರಮಿಸುವುದು ಎಡಗೈ. ಹಾಗಾಗಿ ಹೊರಗಿನಿಂದ ಪೆಟ್ಟು ತಿನ್ನುವುದು ಬಲಗವಸಾದರೂ ಅಂಗೈ ತೂತಾಗುವುದು ಸಾಮಾನ್ಯವಾಗಿ ಎಡಗವಸಿನಲ್ಲಿ.

ಜೂನ್-ಜುಲೈ ತಿಂಗಳ ಜಪಾನಿನ ಮಳೆಗಾಲದಲ್ಲಿ ಗವಸಿಗೆ ಬೂಷ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಮುಂಜಾನೆಯ ವಿಶೇಷ ಅಭ್ಯಾಸ ದಿನವೂ ನಡೆಯುವಾಗ ಹಿಂದಿನ ದಿನದ ಗವಸು ತಣ್ಣಗೆ, ಒದ್ದೆಯಾಗಿಯೇ ಇರುತ್ತದೆ. ಕೋತೆಯ ದುರ್ವಾಸನೆಯಂತೂ ಕೆಂಡೊ ಬಳಗದಲ್ಲಿ ಮುಗಿಯದ ನಗೆಚಾಟಿಕೆಯ ವಸ್ತು. ಆದರೆ ಶಾಲೆಯ ಸಾಮೂಹಿಕ ಗವಸುಗಳನ್ನು ಮಕ್ಕಳು ಸರದಿಯಂತೆ ತೊಡಬೇಕಾದಾಗ ಅದು ನಗೆಯ ಮಾತಲ್ಲ. ಒಳಗೆ ತೆಳು ಹತ್ತಿಯ ಗವಸು ತೊಟ್ಟು ಸುಧಾರಿಸಿಕೊಳ್ಳುವುದುಂಟು.

ಯಾರಿಗೆ ಬೇಕು, ಯಾರಿಗೆ ಬೇಡ?

ಈ ಹಿನ್ನೆಲೆಯಲ್ಲಿ ಹೆಚ್ಚುವರಿ ಜೊತೆಯ ಲೆಕ್ಕವನ್ನು ನೋಡಬಹುದು. ವಾರಕ್ಕೊಮ್ಮೆ ಅಭ್ಯಾಸ ಮಾಡುವವರಿಗೆ ಎರಡನೆಯ ಜೊತೆ ಅಗತ್ಯವಿಲ್ಲ. ಏಳು ದಿನದಲ್ಲಿ ಗವಸು ಚೆನ್ನಾಗಿ ಆರುತ್ತದೆ. ಹೊಸಬರೂ ಅವಸರಪಡಬೇಕಿಲ್ಲ. ಎರಡು ಅಗ್ಗದ ಜೊತೆಗಳಿಗಿಂತ ಕೈಗೆ ಸರಿಯಾಗಿ ಹೊಂದುವ ಒಂದು ಜೊತೆ ಲೇಸು. ಗವಸು ದೊಡ್ಡದಾದರೆ ಒಳಗೆ ಬೆರಳು ಜಾರುತ್ತದೆ. ಬೆಳೆಯುವ ಮಕ್ಕಳಿಗಂತೂ ಎರಡನೆಯ ಜೊತೆ ಹರಿಯುವ ಮೊದಲೇ ಚಿಕ್ಕದಾಗುತ್ತದೆ. ಅಣ್ಣಂದಿರ ಗವಸು ತಮ್ಮಂದಿರಿಗೆ ದಾಟುವುದು ಅಲ್ಲಿನ ಕ್ಲಬ್‌ಗಳಲ್ಲೂ ರೂಢಿ.

ವಾರಕ್ಕೆ ಮೂರು ದಿನ ಅಥವಾ ಹೆಚ್ಚು ಅಭ್ಯಾಸವಿದ್ದರೆ ಲೆಕ್ಕ ಬದಲಾಗುತ್ತದೆ. ಎರಡು ಜೊತೆಗಳನ್ನು ಸರದಿಯಂತೆ ಬಳಸಿದರೆ ಒಂದು ಆರುವಾಗ ಇನ್ನೊಂದು ಕೈಯಲ್ಲಿರುತ್ತದೆ. ಒಂದನ್ನು ಸವೆಸಿ ಬಿಸಾಡಿ ಇನ್ನೊಂದನ್ನು ಕೊಳ್ಳುವುದಕ್ಕಿಂತ, ಹೀಗೆ ಸರದಿಯಲ್ಲಿ ಬಳಸಿದ ಎರಡು ಜೊತೆಗಳು ಒಟ್ಟಾರೆ ಹೆಚ್ಚು ಕಾಲ ಬರುತ್ತವೆ ಎಂಬುದು ಅಭ್ಯಾಸಿಗಳ ಅನುಭವ. ಹಣ ಮೊದಲೇ ಖರ್ಚಾಗುತ್ತದೆ ನಿಜ, ಆದರೆ ವ್ಯರ್ಥವಾಗುವುದಿಲ್ಲ.

ಎರಡನೆಯ ಕಾರಣ ದುರಸ್ತಿ. ಒಳ್ಳೆಯ ಕೋತೆಯ ಅಂಗೈ ಹರಿದರೆ ಅದನ್ನು ಎಸೆಯುವುದಿಲ್ಲ. ಕುಶಲಕರ್ಮಿಗಳು ಹಳೆಯ ಚರ್ಮವನ್ನು ಬಿಚ್ಚಿ ಹೊಸದನ್ನು ಹೊಲಿದುಕೊಡುತ್ತಾರೆ. ಆ ಕೆಲಸಕ್ಕೆ ವಾರಗಳು ಹಿಡಿಯುತ್ತವೆ. ಜಪಾನಿನ ಹೊರಗಿರುವವರು ಗವಸನ್ನು ಅಂಚೆಯಲ್ಲಿ ಕಳಿಸಿ ಕಾಯಬೇಕಾದ ಸಂದರ್ಭಗಳೂ ಇವೆ. ಇನ್ನೊಂದು ಜೊತೆ ಇಲ್ಲದವರು ಅಲ್ಲಿಯವರೆಗೆ ಅಭ್ಯಾಸ ನಿಲ್ಲಿಸಬೇಕು, ಇಲ್ಲವೇ ತೂತನ್ನು ಕಡೆಗಣಿಸಿ ಮುಂದುವರಿಯಬೇಕು. ಎರಡನೆಯದೇ ಹೆಚ್ಚು ನಡೆಯುವುದು. ತೂತು ದೊಡ್ಡದಾದಷ್ಟೂ ಬೆರಳು ಹೊರಗಿಣುಕುತ್ತದೆ, ಬಿದಿರಿನ ಸಿಬಿರು ಚುಚ್ಚುವ ಅಪಾಯವಿದೆ, ದುರಸ್ತಿಯ ವೆಚ್ಚವೂ ಏರುತ್ತದೆ.

ಇಲ್ಲೊಂದು ವಿವೇಚನೆ ಬೇಕು. ಯಂತ್ರದಿಂದ ಹೊಲಿದ ಅಗ್ಗದ ಗವಸಿಗೆ ಹೊಸ ಅಂಗೈ ಹಾಕಿಸುವ ಖರ್ಚು ಕೆಲವೊಮ್ಮೆ ಹೊಸ ಜೊತೆಯ ಬೆಲೆಗೆ ಸಮೀಪಿಸುತ್ತದೆ. ಅಂಥದ್ದನ್ನು ಹೊಲಿಸುವ ಬದಲು ಇನ್ನೊಂದು ಕೊಳ್ಳುವುದೇ ಲಾಭ. ಕೈಹೊಲಿಗೆಯ ಗವಸಾದರೆ ಬೆಲೆ ಹಲವು ಪಟ್ಟು. ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಿಸಿ ವರ್ಷಗಟ್ಟಲೆ ಬಳಸುತ್ತಾರೆ. ಅನೇಕರು ಕಂಡುಕೊಂಡ ಮಧ್ಯಮ ಮಾರ್ಗವೆಂದರೆ ದಿನನಿತ್ಯದ ಬೆವರಿಗೆ ಬೇಗ ಆರುವ ಕೃತಕ ಚರ್ಮದ ಒಂದು ಜೊತೆ, ಪಂದ್ಯ ಮತ್ತು ಪರೀಕ್ಷೆಗೆ ಜಿಂಕೆ ಚರ್ಮದ ಇನ್ನೊಂದು.

ಆದರೆ ಎರಡನೆಯದನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷೆಯ ದಿನವೇ ಹೊರತೆಗೆಯುವುದು ತಪ್ಪು. ಹೊಸ ಕೋತೆ ಬಿರುಸಾಗಿರುತ್ತದೆ, ಮಣಿಕಟ್ಟು ಬಾಗಲು ಬಿಡುವುದಿಲ್ಲ. ಅದು ಕೈಗೆ ಹೊಂದಲು ವಾರಗಟ್ಟಲೆ ಬಳಕೆ ಬೇಕು. ಆದ್ದರಿಂದ ಹಳೆಯದು ಹರಿದ ಮೇಲೆ ಅಂಗಡಿಗೆ ಓಡುವುದಕ್ಕಿಂತ, ಅದು ಇನ್ನೂ ಗಟ್ಟಿಯಾಗಿರುವಾಗಲೇ ಹೊಸದನ್ನು ಕೊಂಡು ನಡುನಡುವೆ ತೊಟ್ಟು ಪಳಗಿಸುವುದು ಜಾಣತನ.

ಎಷ್ಟು ಜೊತೆ ಇದ್ದರೂ ಆರೈಕೆಗೆ ರಿಯಾಯಿತಿಯಿಲ್ಲ. ಕಳಚಿದ ಕೂಡಲೇ ಒಳಗಿನ ಬೆವರನ್ನು ಒಣ ಬಟ್ಟೆಯಿಂದ ಒರೆಸಬೇಕು. ಅಂಗೈಯ ಸುಕ್ಕುಗಳನ್ನು ಬೆರಳಿನಿಂದ ಎಳೆದು ನೇರಮಾಡಬೇಕು. ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಿನಲ್ಲಿ ಆರಿಸಬೇಕು. ಚೀಲದಲ್ಲಿ ತುರುಕಿ ಮರೆತರೆ ನಾಲ್ಕು ಜೊತೆ ಇದ್ದರೂ ನಾಲ್ಕೂ ಕೊಳೆಯುತ್ತವೆ. ಕೋತೆ ತೊಡುವಾಗ ಮೊದಲು ಎಡಗೈ, ಕಳಚುವಾಗ ಮೊದಲು ಬಲಗೈ ಎಂಬುದು ಕೆಂಡೊದ ಶಿಸ್ತು. ಮೊದಲು ತೊಟ್ಟು ಕೊನೆಗೆ ಕಳಚುವ ಆ ಎಡಗವಸಿನ ಅಂಗೈಯನ್ನು ಪ್ರತಿಸಲವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿದರೆ ಸಾಕು. ಇನ್ನೊಂದು ಜೊತೆ ಯಾವಾಗ ಕೊಳ್ಳಬೇಕೆಂಬುದನ್ನು ಅದೇ ಹೇಳುತ್ತದೆ.