ಹಲ್ಲಿಗೆ ಬ್ರಿಡ್ಜ್ ಹಾಕಿಸುತ್ತೀರಾ? ಪಕ್ಕದ ಹಲ್ಲು ಸವೆಸುವ ಮುನ್ನ ಇದನ್ನು ಓದಿ

ದವಡೆ ಹಲ್ಲು ಹೋದರೆ ಯಾರಿಗೂ ಕಾಣದು ಎಂದು ಸುಮ್ಮನಿರುವವರೇ ಹೆಚ್ಚು. ಆದರೆ ಖಾಲಿ ಜಾಗದತ್ತ ಪಕ್ಕದ ಹಲ್ಲುಗಳು ವಾಲತೊಡಗುತ್ತವೆ. ಇದಕ್ಕೊಂದು ಪರಿಹಾರ ಬ್ರಿಡ್ಜ್. ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಸವೆಸಿ, ಅಳತೆ ತೆಗೆದು, ಎರಡು ಕ್ಯಾಪ್‌ಗಳ ನಡುವೆ ಕೃತಕ ಹಲ್ಲು ಜೋಡಿಸಿದ ಒಂದೇ ಸೆಟ್ಟನ್ನು ಅಂಟಿಸುತ್ತಾರೆ.

ಯೋಚಿಸಬೇಕಾದ್ದು ಇಲ್ಲೇ. ಸವೆಸಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲುಗಳಿಗೆ ಮೊದಲೇ ರೂಟ್ ಕೆನಾಲ್ ಆಗಿದ್ದರೆ ಹೇಗೂ ಕ್ಯಾಪ್ ಬೇಕು, ಹಾಗಾಗಿ ಬ್ರಿಡ್ಜ್ ಸರಿ. ಎರಡೂ ಗಟ್ಟಿಮುಟ್ಟಾಗಿದ್ದರೆ ಇಂಪ್ಲಾಂಟ್ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಖರ್ಚು ಜಾಸ್ತಿ, ತಿಂಗಳುಗಟ್ಟಲೆ ಕಾಯಬೇಕು, ನಿಜ. ಆದರೆ ಒಂದು ಹಲ್ಲಿಗಾಗಿ ಇನ್ನೆರಡನ್ನು ಕೊರೆಸುವುದು ತಪ್ಪುತ್ತದೆ.

ಬ್ರಿಡ್ಜ್ ಹಾಕಿಸಿಕೊಂಡರೆ ಕೃತಕ ಹಲ್ಲಿನ ಅಡಿಯಲ್ಲಿ ದಿನವೂ ಸಂದಿ ಬ್ರಷ್ ಆಡಿಸಿ. ಕ್ಯಾಪ್‌ಗೆ ಹುಳುಕು ಹಿಡಿಯದು, ಅದರೊಳಗಿನ ಹಲ್ಲಿಗೆ ಹಿಡಿಯುತ್ತದೆ.