ಗೇಟು ಯಾರಿಗಾಗಿ?

ಮನೆ ಕಟ್ಟಿಸುವವರು ವಾಸ್ತು ಕೇಳುತ್ತಾರೆ, ಬಣ್ಣ ಆರಿಸುತ್ತಾರೆ. ಗೇಟಿನ ಮಾತು ಬರುವ ಹೊತ್ತಿಗೆ ಹಣವೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಎಲ್ಲಿಯೋ ಕಂಡ ಚಿತ್ರವೊಂದನ್ನು ತೋರಿಸಿ “ಇಂಥದೇ ಮಾಡಿಕೊಡಿ” ಎಂದುಬಿಡುತ್ತಾರೆ. ನಮ್ಮ ತಂದೆಯವರು ತೀರ್ಥಹಳ್ಳಿಯ ಕಡೆ ವೆಲ್ಡಿಂಗ್ ಕೆಲಸ ಮಾಡುವವರು. ರಜಾದಿನಗಳಲ್ಲಿ ಅವರೊಡನೆ ಅಳತೆಪಟ್ಟಿ ಹಿಡಿದು ತಿರುಗಿದ ಬಲದ ಮೇಲೆ ಈ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಲೆನಾಡಿನ ಹಿರಿಯರು ಇದರಲ್ಲಿ ಜಾಣರು. ಗಾಡಿಗೂ ದನಕ್ಕೂ ಉಣುಗೋಲು: ಎರಡು ಕಂಬಗಳ ತೂತುಗಳಲ್ಲಿ ಅಡ್ಡ ಗಳುಗಳನ್ನು ತೂರಿಸಿಟ್ಟು, ಬೇಕಾದಾಗ ಸರಿಸುವುದು. ಮನುಷ್ಯರಿಗೆ ತಡಬೆ: ನಾವು ಕಾಲೆತ್ತಿ ದಾಟಬಹುದು, ದನ ದಾಟಲಾರದು. ಕೋಟೆಯ ಹೆಬ್ಬಾಗಿಲಿಗೂ ಒಬ್ಬಿಬ್ಬರು ನುಸುಳಲು ದಿಡ್ಡಿ ಬಾಗಿಲು ಇರುತ್ತಿತ್ತು. ದಿನವೂ ನಡೆದು ಬರುವವರಿಗೂ ಎಂದೋ ಬರುವ ಗಾಡಿಗೂ ಒಂದೇ ಬಾಗಿಲು ಸಲ್ಲದೆಂಬುದು ಅವರಿಗೆ ತಿಳಿದಿತ್ತು.

ಕಳೆದ ಬೇಸಗೆಯಲ್ಲಿ, ಒಂಟಿಯಾಗಿರುವ ಅಜ್ಜಿಯೊಬ್ಬರ ಮನೆಗೆ ಗೇಟು ಮಾಡಬೇಕಾಗಿತ್ತು. ಬೆಂಗಳೂರಿನಲ್ಲಿರುವ ಮಕ್ಕಳು ಚಿತ್ರ ಕಳುಹಿಸಿದ್ದರು: ಮೇಲಿಂದ ಕೆಳಗಿನವರೆಗೆ ತಗಡು, ನಡುವೆ ಸಿಂಹದ ಮುಖ. ತಾಯಿಗೆ ರಕ್ಷಣೆಯಿರಲಿ ಎಂಬ ಕಾಳಜಿ, ತಪ್ಪೆನ್ನಲಾರೆ. ತಂದೆಯವರು ಮಾತ್ರ ಅಜ್ಜಿಯನ್ನೇ ಕೇಳಿದರು.

“ದಾರಿಯಲ್ಲಿ ಯಾರು ಹೋದರು, ಯಾರು ಬಂದರು ಅಂತ ಕಾಣದಿದ್ದರೆ ಹೊತ್ತು ಹೋಗುವುದು ಹೇಗಪ್ಪ? ನಾನು ಅಂಗಳದಲ್ಲಿ ಬಿದ್ದರೂ ಯಾರಿಗೆ ಗೊತ್ತಾಗಬೇಕು?” ಎಂದರು ಅಜ್ಜಿ.

ತಗಡಿನ ಯೋಚನೆ ಅಲ್ಲಿಗೇ ನಿಂತಿತು. ಸರಳುಗಳನ್ನು ನಿಲ್ಲಿಸಿದೆವು, ಮಗುವಿನ ತಲೆ ಸಿಕ್ಕಿಕೊಳ್ಳದಂತೆ ಸಂದು 4 ಅಂಗುಲಕ್ಕಿಂತ ಕಡಿಮೆ. ಗಾಳಿಯೂ ತಡೆಯಿಲ್ಲದೆ ಹಾದುಹೋಗುತ್ತದೆ. ತಗಡಿನ ಕದವಾದರೆ ಹಾಯಿಯಂತೆ ಗಾಳಿಗೆ ಒಡ್ಡಿಕೊಂಡು ಕಂಬವನ್ನೇ ಅಲುಗಿಸುತ್ತದೆ.

ಇನ್ನು ತೂಕದ ಮಾತು. 6 ಅಡಿ ಅಗಲದ ಕದ 80 ಕಿಲೋ ತೂಗುವುದೆಂದೂ, ಅದರ ಎರಡು ತಿರುಗಣಿಗಳ ನಡುವೆ 4 ಅಡಿ ಅಂತರವಿದೆಯೆಂದೂ ಇಟ್ಟುಕೊಳ್ಳಿ. ತೂಕ ಕದದ ನಡುವೆ, ಎಂದರೆ 3 ಅಡಿ ದೂರದಲ್ಲಿ ಜಗ್ಗುವುದರಿಂದ ಮೇಲಿನ ತಿರುಗಣಿಯನ್ನು ಕಂಬದಿಂದ ಕೀಳುವ ಸೆಳೆತ 60 ಕಿಲೋ. ಅಗಲವನ್ನು 3 ಅಡಿಗೆ ಇಳಿಸಿದರೆ ತೂಕ 40, ಸೆಳೆತ ಕೇವಲ 15! ಅಗಲ ಅರ್ಧವಾದರೆ ಸೆಳೆತ ಕಾಲುಭಾಗಕ್ಕಿಳಿಯುತ್ತದೆ. ಆದಕಾರಣ 9 ಅಡಿಯ ದಾರಿಯನ್ನು ಸಮನಾಗಿ ಹಂಚದೆ 3 ಅಡಿಯ ಕದವೊಂದು, 6 ಅಡಿಯ ಕದವೊಂದು ಮಾಡಿದೆವು. ಚಿಕ್ಕದನ್ನು ಅಜ್ಜಿ ಒಂದೇ ಕೈಯಲ್ಲಿ ತೆರೆಯುತ್ತಾರೆ. ದೊಡ್ಡದು ಮಕ್ಕಳ ಕಾರು ಬಂದಾಗ ಮಾತ್ರ. ಸಿಂಹವನ್ನೂ ಅದರ ಮೇಲೆಯೇ ಕೂರಿಸಿದ್ದಾಯಿತು.

ಕದ ಜೋತುಬೀಳದಂತೆ ಮೇಲಿನ ತಿರುಗಣಿಯಿಂದ ಎದುರಿನ ಕೆಳಮೂಲೆಗೆ ಓರೆಯಾಗಿ ಕಂಬಿ ಕೊಡುತ್ತೇವೆ. ಅದು ಹಗ್ಗದಂತೆ ಎಳೆದು ಹಿಡಿಯುತ್ತದೆ. ಮರದ ಗೇಟಿಗೆ ಇದು ತಲೆಕೆಳಗು: ಓರೆಪಟ್ಟಿ ಕೆಳಗಿನ ತಿರುಗಣಿಯಿಂದ ಎದುರಿನ ಮೇಲ್ಮೂಲೆಗೆ ಊರುಗೋಲಿನಂತೆ ನಿಲ್ಲಬೇಕು. ಊರಿನ ಎಷ್ಟೋ ಮರದ ಗೇಟುಗಳಲ್ಲಿ ಅದು ತಿರುವುಮುರುವಾಗಿರುವುದನ್ನು ನೀವೇ ನೋಡಬಹುದು.

ನಮ್ಮ ಕಡೆಯ ಮಳೆಗೆ ಟೊಳ್ಳು ಪೈಪು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಮೇಲ್ತುದಿಯನ್ನು ಮುಚ್ಚಿ, ನೀರು ಇಳಿದುಹೋಗಲು ಕೆಳಗೊಂದು ಸಣ್ಣ ತೂತು ಬಿಡುವುದು ಲೇಸು. ಮಳೆಗಾಲಕ್ಕೆ ಮುಂಚೆ ತುಕ್ಕು ಕೆರೆದು ಬಣ್ಣ ಬಳಿಯಬೇಕು, ತಿರುಗಣಿಗೆ ಎಣ್ಣೆ ಬಿಡಬೇಕು. ಎಣ್ಣೆ ಕಾಣದ ಗೇಟಿನ ಕಿರುಚಾಟವಂತೂ ಇಡೀ ಕೇರಿಗೆ ಕೇಳಿಸುತ್ತದೆ.